ಶಿಶುವಿಗೆ ದೀಕ್ಷಾಸ್ನಾನ: ಸತ್ಯವೇದವನ್ನು (ಬೈಬಲನ್ನು) ಓದಿ ನಿರ್ಧರಿಸುವ ಬಗೆ

ಕಾಸರಗೋಡಿನ ಕಡೆಯ ಕ್ರೈಸ್ತ ಕುಟುಂಬವೊಂದರಲ್ಲಿ ಕಥೋಲಿಕರೂ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯವರೂ ಪೆಂತೆಕೋಸ್ತಿನವರೂ ಬೆರೆತಿದ್ದರೆ, ಮಗುವಿಗೆ ದೀಕ್ಷಾಸ್ನಾನವನ್ನು (ಬ್ಯಾಪ್ಟಿಸಮ್) ಈಗಲೇ ಕೊಡಿಸಬೇಕೇ, ಅದು ಬೆಳೆದು ತಾನೇ ನಂಬಿದ ಮೇಲೆಯೇ ಎಂಬ ಪ್ರಶ್ನೆ ತೊಟ್ಟಿಲ ಬಳಿಯೇ ಏಳುತ್ತದೆ. ಮೊದಲು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವನ್ನು ಓದಿರಿ: ಲುದ್ಯಳೆಂಬ ಸ್ತ್ರೀಯೂ ಸೆರೆಮನೆಯ ಯಜಮಾನನೂ ಮನೆಯವರೊಡನೆ ದೀಕ್ಷಾಸ್ನಾನ ಪಡೆದರೆಂದಿದೆಯೇ ಹೊರತು, ಆ ಮನೆಗಳಲ್ಲಿ ಕೂಸುಗಳಿದ್ದವೆಂದಾಗಲಿ ಇರಲಿಲ್ಲವೆಂದಾಗಲಿ ಹೇಳಿಲ್ಲ, ವಾದಿಸುವವರು ಈ ಮೌನವನ್ನೇ ತಮ್ಮತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಬಳಿಕ ಅದೇ ಪುಸ್ತಕದ 2:38ರ ಪಶ್ಚಾತ್ತಾಪದ ಕರೆಯನ್ನು, ವಾಗ್ದಾನವು ಮಕ್ಕಳಿಗೂ ಉಂಟೆನ್ನುವ 2:39ರಿಂದ ಬೇರ್ಪಡಿಸದೆ ಓದಿರಿ. ಯೆಹೂದ್ಯರು ಗಂಡುಕೂಸುಗಳಿಗೆ ಮಾಡಿಸುವ ಸುನ್ನತಿಯನ್ನೂ ದೀಕ್ಷಾಸ್ನಾನವನ್ನೂ ಜೊತೆಗಿಡುವ ಕೊಲೊಸ್ಸೆ 2:11-12ರಲ್ಲಿ ನಂಬಿಕೆಯ ಮಾತೂ ಇದೆಯೆಂಬುದನ್ನು ಗುರುತಿಸಿಕೊಳ್ಳಿರಿ. ಮಕ್ಕಳನ್ನು ನನ್ನ ಬಳಿಗೆ ಬರಗೊಡಿರಿ ಎಂದು ಯೇಸು ಹೇಳುವ ಮಾರ್ಕ 10:14 ಆಶೀರ್ವಾದದ ಪ್ರಸಂಗ, ಅಲ್ಲಿ ನೀರಿಲ್ಲ. ನಾನು ಓದಿದ ಮಟ್ಟಿಗೆ ಶಿಶುವಿನ ದೀಕ್ಷಾಸ್ನಾನಕ್ಕೆ ನೇರ ಆಜ್ಞೆಯೂ ಇಲ್ಲ, ನೇರ ನಿಷೇಧವೂ ಇಲ್ಲ. ಆದ್ದರಿಂದ ದಿನ ಗೊತ್ತುಮಾಡುವ ಮೊದಲು, ಈ ವಚನಗಳನ್ನು ಮುಂದಿಟ್ಟುಕೊಂಡು ನಿಮ್ಮ ಸಭೆಯ ಪಾದ್ರಿಯವರೊಡನೆ ಕುಳಿತು ಮಾತನಾಡಿರಿ.