ಪವರ್ ಸ್ಟೇಷನ್‌ಗೆ ಸ್ಪೈಕ್ ಗಾರ್ಡ್ ಎಲ್ಲಿರಬೇಕು, ಯುಪಿಎಸ್ ಎಲ್ಲಿರಬೇಕು?

ಮಲೆನಾಡಿನಲ್ಲಿ ಮುಂಗಾರಿಗೆ ಮೊದಲಿನ ಗುಡುಗು ಮಳೆ ಶುರುವಾಯಿತೆಂದರೆ ಕರೆಂಟು ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆಂಬುದಕ್ಕೆ ಲೆಕ್ಕವಿರುವುದಿಲ್ಲ. ಮನೆಯಿಂದಲೇ ಕಚೇರಿ ಕೆಲಸ ಮಾಡುವ ಕೆಲವರು ಇದಕ್ಕಾಗಿ ಲಿಥಿಯಂ ಬ್ಯಾಟರಿಯ ಪೋರ್ಟಬಲ್ ಪವರ್ ಸ್ಟೇಷನ್, ಅಂದರೆ ಸಾಕೆಟ್ಟುಗಳಿರುವ, ಎತ್ತಿ ಒಯ್ಯಬಹುದಾದ ಬ್ಯಾಟರಿ ಪೆಟ್ಟಿಗೆ ಕೊಳ್ಳುತ್ತಾರೆ. ಆದರೆ ಮೊದಲೇ ಇದ್ದ, ವೋಲ್ಟೇಜು ಚಿಮ್ಮಿದಾಗ ಉಪಕರಣ ಕಾಯುವ ಸ್ಪೈಕ್ ಗಾರ್ಡ್ ಮತ್ತು ಕರೆಂಟು ಹೋದೊಡನೆ ತನ್ನ ಬ್ಯಾಟರಿಯಿಂದ ವಿದ್ಯುತ್ ಕೊಡುವ ಯುಪಿಎಸ್‌ಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಯೋಚಿಸದೆ ಕೈಗೆ ಸಿಕ್ಕ ಸಾಕೆಟ್‌ಗೆ ಸಿಕ್ಕಿಸಿಬಿಡುತ್ತಾರೆ.

ಸ್ಪೈಕ್ ಗಾರ್ಡ್‌ನ ಜಾಗ ಗೋಡೆಯ ಸಾಕೆಟ್ ಮತ್ತು ಪವರ್ ಸ್ಟೇಷನ್‌ಗಳ ನಡುವೆ. ಕರೆಂಟು ಇಲ್ಲದಾಗ ಪವರ್ ಸ್ಟೇಷನ್ ತನ್ನ ಬ್ಯಾಟರಿಯಿಂದಲೇ ವಿದ್ಯುತ್ ಕೊಡುವುದರಿಂದ ಆಗ ಉಪಕರಣಗಳಿಗೆ ಹೊರಗಿನ ತಂತಿಯಿಂದ ಬರುವ ವೋಲ್ಟೇಜಿನ ಆಘಾತದ ಭಯ ಕಡಿಮೆ. ಕರೆಂಟು ಇದ್ದಾಗ ಮಾತ್ರ ಹೆಚ್ಚಿನ ಮಾದರಿಗಳು ಗೋಡೆಯ ವಿದ್ಯುತ್ತನ್ನೇ ನೇರವಾಗಿ ಉಪಕರಣಗಳಿಗೆ ದಾಟಿಸುತ್ತವೆ. ಹೀಗಾಗಿ ಗೋಡೆಯ ಕಡೆಗಿರುವ ಒಂದು ಸ್ಪೈಕ್ ಗಾರ್ಡ್ ಪವರ್ ಸ್ಟೇಷನ್ ಮತ್ತು ಉಪಕರಣ ಎರಡನ್ನೂ ಕಾಯುತ್ತದೆ, ಪವರ್ ಸ್ಟೇಷನ್ನಿನ ನಂತರ ಇನ್ನೊಂದನ್ನು ಸರಪಳಿಯಂತೆ ಸೇರಿಸುವ ಅಗತ್ಯವಿಲ್ಲ.

ಸ್ಪೈಕ್ ಗಾರ್ಡ್ ಕೊಳ್ಳುವಾಗ ಜೂಲ್ ಲೆಕ್ಕ (ಎಷ್ಟು ಆಘಾತದ ಶಕ್ತಿಯನ್ನು ತಡೆದುಕೊಳ್ಳಬಲ್ಲದೆಂಬುದು) ನಮೂದಾಗಿದೆಯೇ ಎಂದು ನೋಡಿ; ಅಗ್ಗದ ಬೋರ್ಡುಗಳಲ್ಲಿ ಹಲವು ಬರೀ ಸ್ವಿಚ್ಚು ಮತ್ತು ಫ್ಯೂಸು ಇರುವ ಎಕ್ಸ್‌ಟೆನ್ಷನ್ ಬೋರ್ಡುಗಳೇ ಹೊರತು ಸ್ಪೈಕ್ ಗಾರ್ಡ್‌ಗಳಲ್ಲ. ನಿಜವಾದದ್ದರೊಳಗೆ ವೇರಿಸ್ಟರ್ ಎಂಬ ಬಿಡಿಭಾಗವಿದ್ದು, ವೋಲ್ಟೇಜು ಕ್ಷಣಮಾತ್ರ ಚಿಮ್ಮಿದಾಗ ಅದನ್ನು ನ್ಯೂಟ್ರಲ್ ಹಾಗೂ ಅರ್ಥಿಂಗ್ ಕಡೆಗೆ ಹರಿಸುತ್ತದೆ; ಆದ್ದರಿಂದ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದರ ಅರ್ಧ ಕೆಲಸ ನಡೆಯುವುದೇ ಇಲ್ಲ. ಪ್ರತಿ ಆಘಾತಕ್ಕೂ ಅದು ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ರಕ್ಷಣೆ ಇದೆಯೆಂದು ತೋರಿಸುವ ಬೋರ್ಡಿನ ಪುಟ್ಟ ದೀಪ ಆರಿದ ಮೇಲೂ ಹಲವು ಬೋರ್ಡುಗಳಲ್ಲಿ ಸಾಕೆಟ್‌ಗೆ ವಿದ್ಯುತ್ ಬರುತ್ತಲೇ ಇರುವುದರಿಂದ ಜನ ಮೋಸಹೋಗುತ್ತಾರೆ. ಇನ್ನು, ಹಳ್ಳಿಯ ಲೈನಿನಲ್ಲಿ ನ್ಯೂಟ್ರಲ್ ತುಂಡಾದರೆ 230 ವೋಲ್ಟಿನ ಬದಲು 400ರ ಹತ್ತಿರದ ವೋಲ್ಟೇಜು ನಿಮಿಷಗಟ್ಟಲೆ ನುಗ್ಗಬಹುದು. ಆಗ ವೇರಿಸ್ಟರ್ ತಾನೇ ಸುಟ್ಟುಹೋಗುತ್ತದೆ. ಅದಕ್ಕೆ ಮೇನ್ ಬೋರ್ಡಿನಲ್ಲಿ ವೋಲ್ಟೇಜು ಹೆಚ್ಚಾದೊಡನೆ ಲೈನು ಕಡಿಯುವ ಸಾಧನವನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಬೇಕು.

ಬೋರ್ಡಿನ ಆಂಪಿಯರ್ ಮಿತಿಯನ್ನೂ ಗಮನಿಸಿ. 1500 ವ್ಯಾಟಿನಲ್ಲಿ ಚಾರ್ಜ್ ಆಗುವ ಪವರ್ ಸ್ಟೇಷನ್ ಸುಮಾರು 6.5 ಆಂಪಿಯರ್ ಎಳೆಯುತ್ತದೆ, ಅಂದರೆ 6 ಆಂಪಿಯರಿನ ಸಾಕೆಟ್ಟಾಗಲಿ ಬೋರ್ಡಾಗಲಿ ಅದಕ್ಕೆ ಸಾಲದು. ಚಾರ್ಜಿನ ವೇಗ ತಗ್ಗಿಸುವ ಸೌಲಭ್ಯವಿದ್ದರೆ ಬಳಸಿ, ಇಲ್ಲದಿದ್ದರೆ 16 ಆಂಪಿಯರಿನ ಸಾಕೆಟ್ಟೇ ಬೇಕು.

ಯುಪಿಎಸ್ ಬೇಕಾಗುವುದು ಡೆಸ್ಕ್‌ಟಾಪ್ ಇದ್ದವರಿಗೆ ಮಾತ್ರ. ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗಲು ಕೆಲವು ಪವರ್ ಸ್ಟೇಷನ್‌ಗಳು 20–30 ಮಿಲಿಸೆಕೆಂಡು ತೆಗೆದುಕೊಳ್ಳುತ್ತವೆ, ಅಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಹಾಗಾಗುತ್ತಿದ್ದರೆ ಪವರ್ ಸ್ಟೇಷನ್‌ನ ನಂತರ, ಕಂಪ್ಯೂಟರಿನ ಮೊದಲು ಯುಪಿಎಸ್ ಇಡಿ. ಪವರ್ ಸ್ಟೇಷನ್ ಶುದ್ಧ ಸೈನ್ ವೇವ್, ಅಂದರೆ ಗೋಡೆಯ ಕರೆಂಟಿನಂತೆಯೇ ನಯವಾದ ಅಲೆಯ ವಿದ್ಯುತ್ ಕೊಡುವಂಥದ್ದಾಗಿರಬೇಕು. ಇಲ್ಲವಾದರೆ ಯುಪಿಎಸ್ ಅದನ್ನು ಕೆಟ್ಟ ಕರೆಂಟೆಂದು ತಿಳಿದು ತನ್ನ ಬ್ಯಾಟರಿಯನ್ನೇ ಖಾಲಿಮಾಡಿಕೊಳ್ಳುತ್ತದೆ. ಈ ಕ್ರಮವನ್ನು ತಿರುಗುಮುರುಗು ಮಾಡಬಾರದು: 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುವುದರಿಂದ ಪವರ್ ಸ್ಟೇಷನ್ ಅದರ ಮೇಲೆ ಚಾರ್ಜ್ ಆಗಲಾರದು.

ಹೆಚ್ಚುವರಿ ಬ್ಯಾಟರಿ ಬೇಕೆನಿಸಿದರೆ ಅದೇ ತಯಾರಕರು ಅದೇ ಮಾದರಿಗೆಂದು ಕೊಡುವುದನ್ನೇ ಕೊಳ್ಳಿ. ಹಳೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿಯನ್ನು ಪವರ್ ಸ್ಟೇಷನ್ನಿನ ಹೆಚ್ಚುವರಿ ಬ್ಯಾಟರಿಯ ಪೋರ್ಟಿಗೆ ಜೋಡಿಸುವ ಜಾಣತನ ಬೇಡ. ಎರಡೂ ತುದಿಗೆ ಪ್ಲಗ್ ಇರುವ ವಯರಿನಿಂದ ಪವರ್ ಸ್ಟೇಷನ್ನಿನ ವಿದ್ಯುತ್ತನ್ನು ಗೋಡೆಯ ಸಾಕೆಟ್‌ಗೆ ಕೊಡುವುದಂತೂ ಕೂಡದು. ಅದು ಹೊರಗಿನ ಲೈನಿಗೆ ಹರಿದರೆ ಕಂಬದ ಮೇಲಿರುವ ಲೈನ್‌ಮನ್‌ನ ಪ್ರಾಣಕ್ಕೇ ಕುತ್ತು.

ಗುಡುಗು ಹತ್ತಿರ ಬರುವ ಮೊದಲೇ, ಯಾವ ಸ್ಪೈಕ್ ಗಾರ್ಡನ್ನೂ ನಂಬದೆ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಹಾಗೆ ಕಿತ್ತಿಟ್ಟರೂ ಕೆಲಸ ನಿಲ್ಲದು: 1000 ವ್ಯಾಟ್-ಅವರ್ ಪವರ್ ಸ್ಟೇಷನ್, ಇನ್ವರ್ಟರಿನ ನಷ್ಟ ಕಳೆದ ಮೇಲೂ, ಒಟ್ಟು 70 ವ್ಯಾಟಿನ ಲ್ಯಾಪ್‌ಟಾಪ್ ಮತ್ತು ರೂಟರನ್ನು ಹನ್ನೆರಡು ಗಂಟೆಯ ಹತ್ತಿರ ನಡೆಸುತ್ತದೆ.