ಒಂದೇ ಮಗುವಿಗೆ ಟ್ಯೂಷನ್ ಹೇಳೋರು ಮೊದಲು ಮಾಡಬೇಕಾದ್ದು

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಟ್ಯೂಷನ್ ಬೋರ್ಡ್‌ಗಳಿಗೆ ಬರವಿಲ್ಲ. ಒಂದು ಹಾಲ್, ತುಂಬಾ ಮಕ್ಕಳು, ಮುಂದೆ ಒಬ್ಬರು ಮೇಷ್ಟ್ರು. ಅದು ಬೇರೆ ಕೆಲಸ. ನೀವು ಯೂನಿವರ್ಸಿಟಿಯಲ್ಲಿ, ಮಾನಸಗಂಗೋತ್ರಿಯಲ್ಲಿ ಓದುತ್ತಿರಬಹುದು, ರಿಟೈರ್ ಆಗಿ ಮನೆಯಲ್ಲಿರಬಹುದು, ಒಂದೇ ಮಗುವನ್ನು ಎದುರಿಗೆ ಕೂರಿಸಿಕೊಂಡು ಹೇಳಿಕೊಡೋಕೆ ಹೊರಟಿದ್ದರೆ ಅದೇ ಪಾಠವನ್ನು ಮೆಲ್ಲಗೆ ಇನ್ನೊಂದು ಸಲ ಹೇಳಿ ಏನೂ ಪ್ರಯೋಜನವಿಲ್ಲ. ಕ್ಲಾಸಿನಲ್ಲಿ ಸಿಗದ ಒಂದು ಅವಕಾಶ ಇಲ್ಲಿ ಸಿಗುತ್ತದೆ: ಮಗು ಎಲ್ಲಿ ಎಡವುತ್ತಿದೆ ಅಂತ ಅದರ ಬಾಯಲ್ಲೇ ಕೇಳಬಹುದು. ಹಾಗಾಗಿ ಒಂದು ಗಂಟೆಯಲ್ಲಿ ನಿಮಗಿಂತ ಮಗುವೇ ಜಾಸ್ತಿ ಮಾತಾಡಬೇಕು.

ಮೊದಲ ದಿನ ಪಾಠ ಬೇಡ. ಹಿಂದಿನ ಟೆಸ್ಟ್‌ನ ಉತ್ತರ ಪತ್ರಿಕೆ ತರೋಕೆ ಹೇಳಿ. ಮಾರ್ಕ್ಸ್ ನೋಡಬೇಡಿ, ತಪ್ಪಾದ ಒಂದು ಲೆಕ್ಕವನ್ನು ಹೊಸ ಹಾಳೆಯಲ್ಲಿ ಮತ್ತೆ ಮಾಡಿಸಿ, ಮಾಡುತ್ತಾ ಮಾಡುತ್ತಾ ಜೋರಾಗಿ ಹೇಳಿಸಿ.

ಹತ್ತನೇ ಕ್ಲಾಸಿನ ಹುಡುಗ 5 − 2(x − 3) ಅನ್ನು 5 − 2x − 6 ಅಂತ ಬಿಡಿಸಿದ ಅನ್ಕೊಳ್ಳಿ. ತಕ್ಷಣ ಕೆಂಪು ಪೆನ್ ಎತ್ತಬೇಡಿ. "ಈ 6ರ ಹಿಂದೆ ಮೈನಸ್ ಹೇಗಪ್ಪಾ ಬಂತು?" ಅಂತ ಕೇಳಿ. "ಹೊರಗಡೆ ಮೈನಸ್ ಇದೆಯಲ್ಲಾ ಸಾರ್" ಅಂತಾನೆ. ಅಲ್ಲಿಗೆ ವಿಷಯ ಗೊತ್ತಾಯಿತು: ಬ್ರಾಕೆಟ್ ಒಳಗಿನ ಮೈನಸ್ ಅವನ ಕಣ್ಣಿಗೆ ಬಿದ್ದೇ ಇಲ್ಲ. ಈಗ x ಜಾಗದಲ್ಲಿ 3 ಹಾಕಿಸಿ. ಮೂಲ ಲೆಕ್ಕದಲ್ಲಿ 5 ಬರುತ್ತದೆ, ಅವನು ಬಿಡಿಸಿದ್ದರಲ್ಲಿ −7. ತಪ್ಪು ಅಂತ ನೀವು ಹೇಳೋದೇ ಬೇಕಿಲ್ಲ, ಅವನೇ ಹಿಂದಕ್ಕೆ ಹೋಗಿ ಹುಡುಕುತ್ತಾನೆ. ವರ್ಗ ಸಮೀಕರಣ ಬರಲ್ಲ ಅಂತ ಅಪ್ಪ ಅಮ್ಮ ಕಳಿಸಿರುತ್ತಾರೆ, ಆದರೆ ಸರಿಮಾಡಬೇಕಾದ್ದು ಎಷ್ಟೋ ಸಲ ಇಂಥ ಹಳೇ ಕ್ಲಾಸಿನ ಚಿಹ್ನೆ, ಭಿನ್ನರಾಶಿಗಳೇ.

ವಿಜ್ಞಾನಕ್ಕೆ ನಮ್ಮ ಕಡೆ ಉದಾಹರಣೆ ಹುಡುಕೋದೇ ಬೇಡ. ಕೆಆರ್‌ಎಸ್ ಅಣೆಕಟ್ಟೆ ತುಂಬಿದಾಗ ನೀರಿನ ಮಟ್ಟ 124.80 ಅಡಿ, ಇದು ಮೈಸೂರು ಮಂಡ್ಯದ ಮಕ್ಕಳಿಗೆಲ್ಲ ಬಾಯಿಪಾಠ. "ಹಿನ್ನೀರು ಇನ್ನೂ ಮೈಲಿಗಟ್ಟಲೆ ಹರಡಿಕೊಂಡರೆ, ಆದರೆ ಆಳ ಇಷ್ಟೇ ಇದ್ದರೆ, ಕಟ್ಟೆಯ ಬುಡದಲ್ಲಿ ನೀರಿನ ಒತ್ತಡ ಜಾಸ್ತಿ ಆಗುತ್ತಾ?" ಅಂತ ಕೇಳಿ. ಹೌದು ಅನ್ನೋ ಮಕ್ಕಳೇ ಹೆಚ್ಚು. ಆಗಲ್ಲ. ನಿಂತ ನೀರಿನ ಒತ್ತಡ ಆಳದ ಮೇಲೆ ಹೋಗುತ್ತದೆ, ಸುಮಾರು ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು. ಅಡಿಯನ್ನು ಮೀಟರ್ ಮಾಡಿಸಿ, 38 ಬರುತ್ತದೆ. ಉಳಿದದ್ದನ್ನು ಮಗುವೇ ಲೆಕ್ಕ ಹಾಕಲಿ. ಆಮೇಲೆ ಅಣೆಕಟ್ಟೆ ಬುಡದಲ್ಲಿ ಯಾಕೆ ದಪ್ಪ ಅಂತ ಕೇಳಿ. ಮಂಡ್ಯ ಕಡೆಯ ಮಗುವಾದರೆ ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಯಾಕೆ ಹಾಕುತ್ತಾರೆ ಅಂತಲೂ ಕೇಳಿ, ಆಮ್ಲ ಪ್ರತ್ಯಾಮ್ಲದ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಕನ್ನಡಕ್ಕೆ ಟ್ಯೂಷನ್ ಯಾಕೆ ಅನ್ನೋರಿದ್ದಾರೆ. ಬೇಕು, ಹಳಗನ್ನಡ, ನಡುಗನ್ನಡ ಪದ್ಯದ ಮುಂದೆ ಎಷ್ಟೊಂದು ಮಕ್ಕಳು ಒದ್ದಾಡುತ್ತವೆ. ಗೈಡ್‌ನ ಸಾರಾಂಶ ಮುಚ್ಚಿಡಿಸಿ, ಪದ್ಯವನ್ನು ಜೋರಾಗಿ ಓದಿಸಿ. ಭಾಮಿನಿ ಷಟ್ಪದಿಯಾದರೆ ಮೊದಲ ಸಾಲಿಗೆ ಟೇಬಲ್ ಮೇಲೆ ತಾಳ ಹಾಕಿಸಿ: ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಮೂರನೇ ಸಾಲಿನಲ್ಲಿ ಈ ಮೂರು–ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು. ಕಿವಿಗೆ ಹತ್ತಿದ ಮೇಲೆ ಗುರು ಲಘು ಹಾಕಿಸಿ. ಅರ್ಥಕ್ಕೆ ಮೊದಲ ಪ್ರಶ್ನೆ ಒಂದೇ ಸಾಕು: ಇಲ್ಲಿ ಯಾರು ಯಾರಿಗೆ ಹೇಳ್ತಿದ್ದಾರೆ?

ಡಿಸೈನ್ ವಿಷಯಕ್ಕೆ ಬಂದರೆ, ಆರ್ಕಿಟೆಕ್ಚರ್‌ಗೆ ನಾಟಾ, ಡಿಸೈನ್‌ಗೆ ಯೂಸೀಡ್ ಅಂತ ಪ್ರವೇಶ ಪರೀಕ್ಷೆ ಬರೆಯೋ ಮಕ್ಕಳ ಮನೆಯವರು "ನಮ್ಮ ಹುಡುಗಿ ಚಿತ್ರ ಚೆನ್ನಾಗಿ ಬರೀತಾಳೆ" ಅಂತ ಹೇಳುತ್ತಾರೆ. ಸಂತೋಷ, ಆದರೆ ಅಷ್ಟೇ ಸಾಲದು. ನೋಡೋದನ್ನು ಕಲಿಸಬೇಕು. ಒಂದು ಬೆಳಿಗ್ಗೆ ದೇವರಾಜ ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ, ಹೂ ಮಾರೋರ ಅನುಮತಿ ಕೇಳಿ ಪಕ್ಕದಲ್ಲಿ ನಿಲ್ಲಿಸಿ. ಅವರು ಕೂರೋ ಎತ್ತರ ಎಷ್ಟು, ಬುಟ್ಟಿ ಎಷ್ಟು ದೂರ, ಒದ್ದೆ ಬಟ್ಟೆ ಯಾವುದರ ಮೇಲೆ ಹೊದಿಸಿದ್ದಾರೆ, ಚಿಲ್ಲರೆ ಎಲ್ಲಿಡುತ್ತಾರೆ, ಮಾರು ಹಾಕುವಾಗ ಕೈ ಎಲ್ಲಿ ತಡೆಯುತ್ತದೆ. ಅದನ್ನು ಬೇರೆ ಬೇರೆ ಕಡೆಯಿಂದ ಬರೆಸಿ, ಆಮೇಲೆ "ಇಲ್ಲಿ ಏನು ಬದಲಾಯಿಸ್ತೀಯಮ್ಮಾ?" ಅಂತ ಕೇಳಿ. ಮಗು ಬರೆದ ಚಿತ್ರದ ಮೇಲೆ ಮಾತ್ರ ನಿಮ್ಮ ಪೆನ್ಸಿಲ್ ಆಡಿಸಬೇಡಿ. ತಿದ್ದಲೇಬೇಕಾದರೆ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ತೋರಿಸಿ.

ನಾಲ್ಕು ವಿಷಯವನ್ನೂ ನಾನೇ ಹೇಳುತ್ತೇನೆ ಅಂತ ಹೊರಡಬೇಡಿ. ನಿಮಗೆ ಬರದಿದ್ದನ್ನು ಗೊತ್ತಿರೋರ ಹತ್ತಿರ ಕಳಿಸಿ, ಮನೆಯವರಿಗೂ ಹಾಗೇ ಹೇಳಿ. ತಿಂಗಳಿಗೊಮ್ಮೆ ಏನು ಬಂತು, ಏನು ಬಾಕಿ ಅನ್ನೋದನ್ನು ಮಗುವಿನ ಎದುರೇ ಮಾತಾಡಿ, ಇಷ್ಟೇ ಮಾರ್ಕ್ಸ್ ಬರುತ್ತೆ ಅಂತ ಮಾತು ಕೊಡಬೇಡಿ. ಫೀಸು ಎಷ್ಟು, ತಪ್ಪಿದ ಕ್ಲಾಸು ಯಾವತ್ತು, ದಸರಾ ರಜೆಯ ತಿಂಗಳಿಗೆ ಹೇಗೆ, ಇವೆಲ್ಲ ಮೊದಲ ವಾರವೇ ಬಾಯಿಬಿಟ್ಟು ಹೇಳಿಬಿಡಿ.