ಮಿಥಿಕ್ ಸೀಟು ಬಿಟ್ಟು ಹೀರೋಯಿಕ್‌ಗೆ ಇಳಿದದ್ದು: ಕಲಬುರಗಿಯ ಗಡಿಯಾರದ ಲೆಕ್ಕ

ರೇಡಿಂಗ್ (ಆನ್‌ಲೈನ್ ಆಟದಲ್ಲಿ ಗುಂಪು ಕಟ್ಟಿ ಬಾಸ್ ಎಂಬ ದೊಡ್ಡ ಶತ್ರುಗಳನ್ನು ಕೊಲ್ಲುವುದು) ಕಡಿಮೆ ಮಾಡಬೇಕು ಅನ್ನುವವರು ಮೊದಲು ರಾತ್ರಿಗಳನ್ನು ಎಣಿಸುತ್ತಾರೆ. ಮೂರಿದ್ದದ್ದು ಎರಡಾಗಲಿ ಅನ್ನುತ್ತಾರೆ. ಆ ಎರಡು ಮತ್ತೆ ಮೂರಾಗಲು ಬಹಳ ದಿನ ಬೇಕಾಗುವುದಿಲ್ಲ, ಯಾಕೆಂದರೆ ತಂಡದಲ್ಲಿ ಸೀಟು ಹಾಗೇ ಉಳಿದಿರುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ 2014ರಿಂದ ಅತಿ ಕಠಿಣ ಮಟ್ಟವಾದ ಮಿಥಿಕ್ ರೇಡ್‌ನ ಅಳತೆ 20 ಜನ. 19 ಜನ ಒಳಗೆ ಹೋಗಬಹುದು, ಆದರೆ ಬಾಸ್‌ನ ಬಲ 20ಕ್ಕೇ ಇರುತ್ತದೆ. ಅಂದರೆ ನೀವು ಒಂದು ರಾತ್ರಿ ತಪ್ಪಿಸಿದರೆ ಉಳಿದವರ ರಾತ್ರಿಯೂ ಕೆಡುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹೀರೋಯಿಕ್ 10ರಿಂದ 30ರವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಎಷ್ಟು ಜನ ಇದ್ದಾರೋ ಅದಕ್ಕೆ ತಕ್ಕಂತೆ ಬಾಸ್‌ನ ಹೆಲ್ತ್ ಬದಲಾಗುತ್ತದೆ. ಹಾಗಾಗಿ ನಾನು ಹುಡುಕಿದ್ದು ನಾನಿಲ್ಲದಿದ್ದರೂ ನಡೆಯುವ ರೇಡನ್ನು. ಮಿಕ್ಕ ನಿರ್ಧಾರಗಳೆಲ್ಲ ಅದರ ಹಿಂದೆ ಬಂದವು.

ಮೊದಲು ಗಡಿಯಾರ ನೋಡ್ರಿ. ಭಾರತಕ್ಕೆಂದು ಈ ಆಟದಲ್ಲಿ ಪ್ರತ್ಯೇಕ ಸರ್ವರ್ ಇಲ್ಲದ್ದರಿಂದ ನಮ್ಮ ಕಡೆಯವರು ಹೆಚ್ಚಾಗಿ ಯುರೋಪಿನಲ್ಲಿ ಆಡುತ್ತಾರೆ. ಅಲ್ಲಿನ ಗಿಲ್ಡ್ (ಆಟಗಾರರ ಕಾಯಂ ತಂಡ) ರಾತ್ರಿ 8ರಿಂದ 11ಕ್ಕೆ ರೇಡ್ ಇಟ್ಟರೆ, ಬೇಸಿಗೆಯಲ್ಲಿ ಅದು ನಮಗೆ ರಾತ್ರಿ 11:30ರಿಂದ 2:30. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 12:30ರಿಂದ 3:30. ಮಾರ್ಚ್ ಕೊನೆಯ ಭಾನುವಾರ ಮತ್ತೆ ಒಂದು ತಾಸು ಉಳಿಯಿತು ಅನ್ನುವಷ್ಟರಲ್ಲಿ ಕಲಬುರಗಿಯಲ್ಲಿ ಬಿಸಿಲು ಏರಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ ಮುಂಜಾನೆ 8ಕ್ಕೇ ಶುರು. ಮನೆಯಲ್ಲಿ ಒಬ್ಬರು ಸರ್ಕಾರಿ ನೌಕರಿಯಲ್ಲಿದ್ದರೂ ಸಾಕು, ಇಡೀ ಮನೆ ಆರಕ್ಕೆ ಎದ್ದಿರುತ್ತದೆ. ಉಳಿದ ಆ ತಾಸು ಹೀಗೆ ವಾಪಸ್ ಹೋಗುತ್ತದೆ.

ಇನ್ನೊಂದು ದಾರಿ ಓಷಿಯಾನಿಯಾ ಸರ್ವರ್. ಸಿಡ್ನಿಯ ರಾತ್ರಿ 8 ಅಂದರೆ ನಮಗೆ ಅಲ್ಲಿನ ಚಳಿಗಾಲದಲ್ಲಿ ಮಧ್ಯಾಹ್ನ 3:30, ಬೇಸಿಗೆಯಲ್ಲಿ 2:30. ವಾರದ ದಿನ ಆಗದು, ಶನಿವಾರ ಭಾನುವಾರ ಚೆನ್ನಾಗಿಯೇ ಕೂಡಿಬರುತ್ತದೆ. ತೊಡಕು ಬೇರೆ ಇದೆ: ಆ ಸರ್ವರ್‌ಗಳು ಅಮೆರಿಕ ವಲಯಕ್ಕೆ ಸೇರಿದವು. ಯುರೋಪಿನ ಕ್ಯಾರೆಕ್ಟರನ್ನು ಅಲ್ಲಿಗೆ ಒಯ್ಯಲು ಬರುವುದಿಲ್ಲ, ಆಟವನ್ನೂ ಚಂದಾವನ್ನೂ ಬೇರೆಯಾಗಿ ಕೊಳ್ಳಬೇಕು. ಹೊಸದಾಗಿ ಶುರು ಮಾಡುವವರಿಗೆ ಇದನ್ನೇ ಹೇಳುತ್ತೇನೆ. ವರ್ಷಗಟ್ಟಲೆ ಯುರೋಪಿನಲ್ಲಿ ಕಟ್ಟಿದವರಿಗೆ ಹೇಳುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಆಡುವುದಾದರೆ ಕೂಲರ್ ಗಾಳಿ ನೇರವಾಗಿ ಮೈಕಿಗೆ ಬಡಿಯದಂತೆ ತಿರುಗಿಸಿ. ಆಟಗಾರರು ಮಾತಾಡಿಕೊಳ್ಳುವ ಆ್ಯಪ್ ಡಿಸ್ಕಾರ್ಡ್‌ನ ನಾಯ್ಸ್ ಸಪ್ರೆಷನ್ ಸದ್ದನ್ನು ನುಂಗುತ್ತದೆ, ಅದರ ಜೊತೆಗೆ ನಿಮ್ಮ ಮಾತಿನ ಅರ್ಧವನ್ನೂ ನುಂಗುತ್ತದೆ.

ಯಾವಾಗ ಇಳಿಯಬೇಕು? ಎರಡು ಟಿಯರ್‌ಗಳ ನಡುವೆ, ಅಂದರೆ ಒಂದು ಸೀಸನ್‌ನ ರೇಡ್ ಮುಗಿದು ಇನ್ನೊಂದು ಬರುವ ಮೊದಲು. ಕೊನೆಯ ಮಿಥಿಕ್ ಬಾಸ್ ಬಿದ್ದು ಕಟಿಂಗ್ ಎಡ್ಜ್ ಎಂಬ ಸಾಧನೆಯ ಗುರುತು ಸಿಕ್ಕ ಮೇಲೆ, ಅಥವಾ ಈ ಸೀಸನ್‌ನಲ್ಲಿ ಅದು ಆಗದು ಎಂದು ಗಿಲ್ಡೇ ಒಪ್ಪಿಕೊಂಡ ಮೇಲೆ. ನೂರಾರು ಪುಲ್ (ಪ್ರಯತ್ನ) ತಿನ್ನುವ ಬಾಸ್‌ನ ನಡುವೆ ಎದ್ದರೆ ಗಿಲ್ಡಿಗೂ ನಷ್ಟ, ನಿಮಗೂ ಕಷ್ಟ. ಆ ಬಾಸ್ ಬೀಳುವ ರಾತ್ರಿ ಎಂಥವರಿಗೂ ವಾಪಸ್ ಹೋಗಬೇಕು ಅನ್ನಿಸುತ್ತದೆ. ಟ್ಯಾಂಕ್ (ಬಾಸ್‌ನ ಹೊಡೆತ ತಡೆಯುವ ಪಾತ್ರ) ಆಡುವವರು ಇನ್ನೂ ಮುಂಚೆ ಹೇಳಬೇಕು. 20ರಲ್ಲಿ ಟ್ಯಾಂಕ್ ಇಬ್ಬರೇ, ಹೀಲರ್ (ಗಾಯ ಮಾಯಿಸುವವರು) ನಾಲ್ವರ ಆಸುಪಾಸು. ಡ್ಯಾಮೇಜ್ ಆಡುವವರ ಜಾಗ ತುಂಬಲು ಬೆಂಚಿನಲ್ಲಿ ಯಾರಾದರೂ ಇರುತ್ತಾರೆ, ಟ್ಯಾಂಕ್ ಜಾಗಕ್ಕೆ ಸಾಮಾನ್ಯವಾಗಿ ಇರುವುದಿಲ್ಲ.

ರೇಡ್ ಲೀಡರ್‌ಗೆ ಹೇಳುವಾಗ ವಾಯ್ಸ್‌ನಲ್ಲಿ ಬೇಡ, ಖಾಸಗಿಯಾಗಿ ಬರೆದು ಕಳಿಸಿ. ಅದರಲ್ಲಿ ಮೂರು ಮಾತು ಸಾಕು: ಇನ್ನು ಎರಡು ರೀಸೆಟ್ (ಅಂದರೆ ಎರಡು ವಾರ) ಆಡುತ್ತೇನೆ, ಆಮೇಲೆ ಈ ಟಿಯರ್‌ನಲ್ಲಿ ಮಿಥಿಕ್ ಇಲ್ಲ, ಬದಲಿ ಆಟಗಾರನ ಪಟ್ಟಿಯಲ್ಲೂ ನನ್ನ ಹೆಸರು ಬೇಡ. ಮೂರನೆಯದನ್ನು ಬಹಳ ಜನ ಬಿಡುತ್ತಾರೆ. "ಅರ್ಜೆಂಟ್ ಇದ್ದರೆ ಕರೀರಿ" ಅಂತ ಮರ್ಯಾದೆಗೆ ಒಂದು ಮಾತು ಸೇರಿಸುತ್ತಾರೆ. ಮಿಥಿಕ್ ಗಿಲ್ಡ್‌ನಲ್ಲಿ ಅರ್ಜೆಂಟ್ ಪ್ರತಿ ವಾರ ಇರುತ್ತದೆ. ಬದಲಿಗೆ ನಿಂತವರು ಗೇರ್ (ಆಯುಧ, ಕವಚ), ಫ್ಲಾಸ್ಕ್ (ಬಲ ಹೆಚ್ಚಿಸುವ ಮದ್ದು), ತಂತ್ರ ಎಲ್ಲವನ್ನೂ ಸಿದ್ಧ ಇಟ್ಟುಕೊಂಡೇ ಕಾಯಬೇಕು. ದುಡಿಮೆ ಮೊದಲಿನಷ್ಟೇ, ಬಾಸ್ ಕೊಂದ ಸಂತೋಷ ಮಾತ್ರ ಇಲ್ಲ. ರಾಜಿಗಳಲ್ಲೆಲ್ಲ ಕೆಟ್ಟದ್ದು ಇದೇ.

ಆ ಎರಡು ರೀಸೆಟ್‌ನಲ್ಲಿ ಕೈ ಬದಲಿಸುವ ಕೆಲಸ. ಶತ್ರುವಿನ ಮಂತ್ರ ತಡೆಯುವ ಇಂಟರಪ್ಟ್ ಸರದಿಯಲ್ಲಿ ನಿಮ್ಮ ಸಂಖ್ಯೆ, ದೊಡ್ಡ ಹೀಲಿಂಗ್ ಯಾವಾಗ ಯಾರದ್ದು ಎಂಬ ಕೂಲ್‌ಡೌನ್ ಶೀಟ್‌ನಲ್ಲಿ ನಿಮ್ಮ ಸಾಲು, ಯಾವ ಬಾಸ್‌ನಲ್ಲಿ ಎಲ್ಲಿ ನಿಲ್ಲುತ್ತಿದ್ದಿರಿ ಎಂಬುದನ್ನು ಹೊಸಬರಿಗೆ ಬರೆದು ಕೊಡಿ. ಲಾಗ್ (ಹೋರಾಟದ ದಾಖಲೆ) ಅಪ್‌ಲೋಡ್ ನಿಮ್ಮ ಕಂಪ್ಯೂಟರ್‌ನಿಂದ ಆಗುತ್ತಿದ್ದರೆ ಬೇರೆಯವರ ಖಾತೆಗೆ ವಾರ್‌ಕ್ರಾಫ್ಟ್ ಲಾಗ್ಸ್ ಜಾಲತಾಣದ ಗಿಲ್ಡ್ ಹಕ್ಕು ಕೊಡಿಸಿ, ಒಂದು ರೇಡ್ ಅವರೇ ಅಪ್‌ಲೋಡ್ ಮಾಡಲಿ. ಡಿಸ್ಕಾರ್ಡ್ ಸರ್ವರ್‌ನ ಮಾಲೀಕತ್ವ ನಿಮ್ಮ ಹೆಸರಿನಲ್ಲಿದ್ದರೆ ಅದನ್ನು ವರ್ಗಾಯಿಸಿ. ಅಡ್ಮಿನ್ ರೋಲ್ ಕೊಟ್ಟರೆ ಮಾಲೀಕತ್ವ ಹೋದಂತೆ ಆಗುವುದಿಲ್ಲ. ಗಿಲ್ಡ್ ಬ್ಯಾಂಕ್‌ನಿಂದ ತೆಗೆಯುವ ಮಿತಿ ರ‍್ಯಾಂಕ್ ಮೇಲೆ ನಿಂತಿದೆ. ಹಾಗಾಗಿ ನಿಮ್ಮ ರ‍್ಯಾಂಕ್ ಇಳಿಸಲು ನೀವೇ ಕೇಳಿ, ಆದರೆ ನಿಮ್ಮ ಬಳಿ ಇರುವ ಗಿಲ್ಡಿನ ಸಾಮಾನನ್ನು ಮೊದಲು ಬ್ಯಾಂಕಿಗೆ ಹಾಕಿ. ಈ ಕ್ರಮ ತಪ್ಪಿದರೆ ಫ್ಲಾಸ್ಕ್‌ಗೊಂದು ಮೆಸೇಜು, ಪಾಸ್‌ವರ್ಡ್‌ಗೊಂದು ಮೆಸೇಜು ಅಂತ ನಡುರಾತ್ರಿ ಫೋನು ಅಲುಗುತ್ತಲೇ ಇರುತ್ತದೆ.

ಈಗ ವಾರದ ಕೂಲಿ. ರೇಡ್ ಒಂಬತ್ತು ತಾಸು ಅನ್ನುವುದು ಅರ್ಧ ಲೆಕ್ಕ. ಐದು ಜನ ಆಡುವ ಮಿಥಿಕ್ ಪ್ಲಸ್ ಡಂಜನ್ ಎಂಟು ಓಡಿಸಿದರೆ, ಒಂದಕ್ಕೆ ಅರ್ಧ ತಾಸು ಹಿಡಿದರೂ ನಾಲ್ಕು ತಾಸು. ಗುಂಪು ಕಟ್ಟುವ ಕಾಯುವಿಕೆ ಬೇರೆ. ಮೇಲೆ ಪೋಷನ್, ಎನ್‌ಚಾಂಟ್, ಜೆಮ್ ಹೊಂದಿಸುವುದು, ಲಾಗ್ ಓದುವುದು. ಹೊರಗಿನವರ ಕಣ್ಣಿಗೆ ಬೀಳುವುದು ರಾತ್ರಿಯ ಮೂರು ತಾಸು ಮಾತ್ರ.

ಕತ್ತರಿ ಹಾಕಲು ಸುಲಭವಾದ ಜಾಗ ವಾರದ ಬಹುಮಾನ ಕೊಡುವ ಗ್ರೇಟ್ ವಾಲ್ಟ್. ಡಂಜನ್ ಸಾಲಿನಲ್ಲಿ 1, 4, 8 ಮುಗಿಸಿದಾಗ ಒಂದೊಂದು ಆಯ್ಕೆ ತೆರೆಯುತ್ತದೆ. ಆದರೆ ಎಷ್ಟು ಆಯ್ಕೆ ತೆರೆದರೂ ವಾರಕ್ಕೆ ಕೈಗೆ ಸಿಗುವುದು ಒಂದೇ ವಸ್ತು. ಮೊದಲ ಡಂಜನ್ ಮುಗಿದಾಗಲೇ ಆ ಒಂದು ಖಚಿತ. ಉಳಿದ ಏಳು ಆಡುವುದು ಆರಿಸಿಕೊಳ್ಳುವ ಅವಕಾಶಕ್ಕಾಗಿ. ಮಿಥಿಕ್‌ನಲ್ಲಿ ಆ ಅವಕಾಶಕ್ಕೆ ಬೆಲೆ ಇದೆ, ಹೀರೋಯಿಕ್‌ಗೆ ಅಷ್ಟು ಇಲ್ಲ. ವಾರಕ್ಕೆ ಒಂದು ಡಂಜನ್, ಒಂದು ರಾತ್ರಿ ಹೀರೋಯಿಕ್, ಅಷ್ಟೇ ಇಟ್ಟುಕೊಂಡೆ. ಹೀರೋಯಿಕ್‌ನಲ್ಲಿ ಲೂಟ್ (ಬಾಸ್ ಸತ್ತಾಗ ಸಿಗುವ ಸಾಮಾನು) ಬಾಸ್‌ಗೆ ವಾರಕ್ಕೊಮ್ಮೆ. ಇಂದು ಅರ್ಧ ಮುಗಿಸಿ ಉಳಿದದ್ದನ್ನು ಇನ್ನೊಂದು ಗುಂಪಿನೊಂದಿಗೆ ಮುಗಿಸಬಹುದು, ಯಾರಿಗೂ ಉತ್ತರ ಕೊಡಬೇಕಿಲ್ಲ. ಕೊನೆಯ ಬಾಸನ್ನು ಸೀಸನ್ ಮುಗಿಯುವ ಮೊದಲು ಕೊಂದರೆ ಅಹೆಡ್ ಆಫ್ ದಿ ಕರ್ವ್ ಎಂಬ ಗುರುತು ಸಿಗುತ್ತದೆ. ವಾರಕ್ಕೊಂದು ರಾತ್ರಿ ಆಡುವ ಗುಂಪಿಗೆ ಇದು ಎಟುಕುವ ಗುರಿ.

ಪಾರ್ಸ್ (ಇತರರ ಆಟದೊಂದಿಗೆ ಹೋಲಿಸಿ ವಾರ್‌ಕ್ರಾಫ್ಟ್ ಲಾಗ್ಸ್ ಕೊಡುವ ಅಂಕ) ಬಣ್ಣಗಳ ಬಗ್ಗೆಯೂ ಹೇಳಬೇಕು. ಬೂದು, ಹಸಿರು, ನೀಲಿ, 75ಕ್ಕೆ ನೇರಳೆ, 95ಕ್ಕೆ ಕಿತ್ತಳೆ, 99ಕ್ಕೆ ಗುಲಾಬಿ. ಹೀರೋಯಿಕ್‌ಗೂ ಈ ಲೆಕ್ಕ ಇರುವುದರಿಂದ ಸೀಟು ಬಿಟ್ಟವರು ಇಲ್ಲಿ ಕಿತ್ತಳೆ ಬೇಟೆ ಶುರು ಮಾಡುತ್ತಾರೆ. ಅದಕ್ಕೆ ಮತ್ತೆ ಗೇರ್, ಮತ್ತೆ ಎಂಟು ಡಂಜನ್. ಡ್ಯಾಮೇಜ್ ಮೀಟರ್ ಪರದೆಯಿಂದ ತೆಗೆದಿಡಿ. ಬಾಸ್ ಟೈಮರ್ ಇರಲಿ, ಅದಿಲ್ಲದೆ ಇತರರಿಗೆ ತೊಂದರೆ. ಡಿಸ್ಕಾರ್ಡ್‌ನಲ್ಲಿ ಹಳೆಯ ಗಿಲ್ಡ್ ಬಿಡಬೇಕಿಲ್ಲ. ಸರ್ವರ್ ಮ್ಯೂಟ್ ಮಾಡಿ, ಎಲ್ಲರನ್ನೂ ಒಟ್ಟಿಗೆ ಕರೆಯುವ ಮೆನ್ಷನ್‌ಗಳನ್ನು ತಡೆಯುವ ಆಯ್ಕೆಯನ್ನೂ ಆನ್ ಮಾಡಿ. ಬರೀ ಮ್ಯೂಟ್ ಮಾಡಿದರೆ ಅವು ಒಳಗೆ ಬರುತ್ತವೆ.

ಹೊಸ ಗುಂಪು ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ಹೀರೋಯಿಕ್ ಮುಗಿದ ಮೇಲೆ ಏನು ಮಾಡುತ್ತೀರಿ? "ಮಿಥಿಕ್‌ನ ಮೊದಲ ಮೂರು ಬಾಸ್ ನೋಡೋಣ" ಅಂದರೆ ನೀವು ಬಿಟ್ಟ ಬಾಗಿಲಿಗೇ ಮತ್ತೆ ಬಂದಿದ್ದೀರಿ. ಗೈರುಹಾಜರಿಯ ನಿಯಮವನ್ನೂ ಕೇಳಿ. ಯುರೋಪಿನವರು ಕ್ರಿಸ್‌ಮಸ್‌ಗೆ ರಜೆ ಕೊಡುತ್ತಾರೆ. ಎಳ್ಳ ಅಮಾವಾಸ್ಯೆಗೆ ಮನೆ ಮಂದಿಯೆಲ್ಲ ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕೆಂಬುದು ಅವರ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಆ ಹಿಂದಿನ ರಾತ್ರಿ ಹೇಳದೆ ತಪ್ಪಿಸಬಹುದಾದ ಗುಂಪೇ ಬೇಕು.

ಕರೆಂಟ್ ವಿಚಾರದಲ್ಲೂ ಹೀರೋಯಿಕ್ ಸಡಿಲ. ಮಿಥಿಕ್‌ನಲ್ಲಿ ಒಬ್ಬರು ಡಿಸ್ಕನೆಕ್ಟ್ ಆದರೆ ಆ ಪುಲ್ ಬಹುತೇಕ ವೈಪ್, ಅಂದರೆ ತಂಡವೆಲ್ಲ ಸತ್ತು ಮತ್ತೆ ಮೊದಲಿನಿಂದ. 600 ವಿಎ ಯುಪಿಎಸ್ ಗೇಮಿಂಗ್ ಕಂಪ್ಯೂಟರನ್ನು ಐದು ನಿಮಿಷ ನಿಲ್ಲಿಸಿದರೆ ದೊಡ್ಡದು. ರೌಟರ್‌ಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಬೇರೆಯಾಗಿ ಹಾಕಿ. ಹಾಕುವ ಮೊದಲು ಅಡಾಪ್ಟರ್ ಮೇಲಿನ ವೋಲ್ಟೇಜ್, ಆಂಪಿಯರ್ ನೋಡಿಕೊಳ್ಳಿ.

ಫೈನಲ್ ಫ್ಯಾಂಟಸಿ 14 ಆಡುವವರಿಗೆ ಲೆಕ್ಕ ಬೇರೆ. ಅಲ್ಲಿನ ಕಠಿಣ ರೇಡ್‌ಗಳಾದ ಸ್ಯಾವೇಜ್, ಅಲ್ಟಿಮೇಟ್ ಎರಡಕ್ಕೂ ಎಂಟೇ ಜನ, ಒಬ್ಬರು ಬರದಿದ್ದರೆ ಸ್ಟ್ಯಾಟಿಕ್ (ಕಾಯಂ ತಂಡ) ಖಾಲಿ ಕೂರುತ್ತದೆ. ಅಲ್ಲಿಂದ ಇಳಿದವರಿಗೆ 24 ಜನರ ಅಲಯನ್ಸ್ ರೇಡ್ ಸರಿ: ಕ್ಯೂ ಒತ್ತಿ ಹೋಗುವುದು, ಮುಗಿಸಿ ಬರುವುದು. ವಾರದ ರೀಸೆಟ್ ಮಂಗಳವಾರ ಮಧ್ಯಾಹ್ನ 1:30ಕ್ಕೆ, ನಿದ್ದೆಗೆ ಸಂಬಂಧವಿಲ್ಲ. ಒಂದು ಎಚ್ಚರ: ಆಟದಲ್ಲಿ ಸ್ವಂತ ಮನೆ ಇದ್ದರೆ 45 ದಿನ ಅದರೊಳಗೆ ಕಾಲಿಡದಿದ್ದರೆ ಕೆಡವುತ್ತಾರೆ. ಲಾಗಿನ್ ಆದರೆ ಸಾಲದು, ಮನೆಯೊಳಗೆ ಹೋಗಬೇಕು. ಅಪಾರ್ಟ್‌ಮೆಂಟ್‌ಗೆ ಈ ಭಯವಿಲ್ಲ.

ಕೊನೆಗೆ ದುಡ್ಡು. ಆರು ತಿಂಗಳ ಚಂದಾ ಅಗ್ಗ ಕಾಣುತ್ತದೆ, ಆದರೆ ಕಟ್ಟಿದ್ದೇವೆ ಎಂಬ ಕಾರಣಕ್ಕೇ ಆಡಿಸುತ್ತದೆ. ತಿಂಗಳದ್ದಕ್ಕೆ ಬದಲಿಸಿ, ತೆಗೆದುಕೊಂಡ ದಿನವೇ ಮರುನವೀಕರಣ ರದ್ದು ಮಾಡಿ. ಕಟ್ಟಿದ ಅವಧಿ ಮುಗಿಯುವವರೆಗೆ ಆಟ ನಡೆಯುತ್ತದೆ, ಕ್ಯಾರೆಕ್ಟರ್‌ಗಳೂ ಹಾಗೇ ಉಳಿಯುತ್ತವೆ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟನ್ನು ಆಫ್ ಮಾಡಿಟ್ಟರೆ ಇನ್ನೂ ಒಳ್ಳೆಯದು. ಮುಂದಿನ ತಿಂಗಳು ಆಡಬೇಕೆನಿಸಿದರೆ ಅದನ್ನು ಆನ್ ಮಾಡಿ, ಒಟಿಪಿ ಹಾಕಿ, ಮತ್ತೆ ಕಟ್ಟಬೇಕು. ಆ ಎರಡು ನಿಮಿಷದಲ್ಲಿ ಹೊಸ ಸೀಸನ್ ಯಾವಾಗ ಎಂದು ನೋಡಿಕೊಳ್ಳಿ. ಮೂರು ವಾರದೊಳಗಿದ್ದರೆ ಕಾಯುವುದೇ ಮೇಲು, ಈಗ ಸೇರಿಸುವ ಗೇರ್ ಅಲ್ಲಿ ಹೆಚ್ಚು ದಿನ ಉಪಯೋಗಕ್ಕೆ ಬರುವುದಿಲ್ಲ.